ಮನೆಯೂಟದ ಹುಡುಗಿ

"ಆ ಹರಿತಾ ಬಂದಳೇನೋ ನೋಡೇ," ಎಂದು ವರಲಕ್ಷ್ಮಮ್ಮ ಮತ್ತೆ ಕೇಳಿದರು.

"ಬರ್ತಾಳೆ, ಸುಮ್ನಿರಮ್ಮ. ಬಂದ್ರೂ ನೀನು ಬಾಯಿ ಬಿಡಬಾರ್ದು," ಎಂದಳು ಮಗಳು ತನುಜ.

ಚಿಕ್ಕಬಳ್ಳಾಪುರದ ಮೈದಾನದಲ್ಲಿ ಶಾಮಿಯಾನ ಎದ್ದಿತ್ತು. ಇವತ್ತು ತನುಜಳ ಕೊರಳಿಗೆ ಚಿನ್ನದ ಪದಕ. ಎರಡು ವರ್ಷದ ಹಿಂದೆ, ಬೆಂಗಳೂರಿನ ಕ್ರೀಡಾಕೂಟದ ಮೂರು ಸಾವಿರ ಮೀಟರ್ ಓಟದಲ್ಲಿ ಅವಳು ಎರಡನೆಯವಳು. ಮೊದಲು ಬಂದವಳು ನಗರಗೆರೆಯ ಹರಿತಾ. ಆಮೇಲೆ ಹರಿತಾಳ ಮೂತ್ರದಲ್ಲಿ ನಿಷೇಧಿತ ಔಷಧ ಸಿಕ್ಕಿತು. ವಿಚಾರಣೆ, ಮೇಲ್ಮನವಿ ಎಂದು ಎಳೆದಾಡಿ ಕೊನೆಗೆ ಅವಳ ಓಟಕ್ಕೆ ನಾಲ್ಕು ವರ್ಷ ನಿಷೇಧ ಬಿತ್ತು, ಚಿನ್ನ ತನುಜಳಿಗೆ ಬಂತು.

ಇಬ್ಬರೂ ಕೋಚ್ ಮೋಹನ್‌ಬಾಬು ಕೈಯಲ್ಲಿ ಪಳಗಿದವರು. ಕೂಟಕ್ಕೆ ಮುಂಚೆ ಹರಿತಾ ಮುದ್ದೇನಹಳ್ಳಿಯ ವರಲಕ್ಷ್ಮಮ್ಮನ ಮನೆಯಲ್ಲೇ ಇದ್ದು, ತನುಜಳ ಪಕ್ಕ ಕೂತು ಮುದ್ದೆ, ಸೊಪ್ಪಿನ ಸಾರು ಉಂಡವಳು. ಉಂಡ ಮನೆಯ ಮಗಳಿಗೇ ಮೋಸ ಮಾಡಿದಳಲ್ಲ ಎಂದು ಊರಿಗೆ ಊರೇ ಉರಿದುಬಿದ್ದಿತ್ತು. "ಮನೆಯೂಟ ಬಿಟ್ಟು ಬೇರೇನೂ ಬಾಯಿಗೆ ಹಾಕಿಲ್ಲ" ಎಂದು ವಿಚಾರಣೆಯಲ್ಲಿ ಹೇಳಿದ್ದೇ ಅವಳಿಗೆ ಮುಳುವಾಯಿತು. ಮನೆಯೂಟದ ಹುಡುಗಿ ಎಂದು ಫೋನಿನಿಂದ ಫೋನಿಗೆ ನಗೆಪಾಟಲಾದಳು. ಜನಕ್ಕೆ ಆಡಿಕೊಳ್ಳಲು ಯಾರಾದರೂ ಸಿಕ್ಕರೆ ಸಾಕು.

ವರಲಕ್ಷ್ಮಮ್ಮನಿಗೆ ಮಾತ್ರ ಒಂದು ವಾರದಿಂದ ಅನ್ನ ಗಂಟಲಲ್ಲಿ ಇಳಿದಿರಲಿಲ್ಲ. ಸಮಾರಂಭಕ್ಕೆ ಬರುವುದಿಲ್ಲ ಎಂದು ಹಟ ಹಿಡಿದಿದ್ದವರು, ಪದಕ ಒಪ್ಪಿಸಲು ಹರಿತಾಳೂ ಬರುತ್ತಾಳೆಂದು ಕೇಳಿದ ಕೂಡಲೇ ಸೀರೆ ಬದಲಾಯಿಸಿ ಹೊರಟಿದ್ದರು. ಈಗ ಸೆರಗಿನ ತುದಿ ಹಿಂಡುತ್ತ, ಕೂತಲ್ಲಿ ಕೂರಲಾರದೆ ಗೇಟಿನ ಕಡೆಗೇ ನೋಡುತ್ತಿದ್ದರು. ತನುಜಳಿಗೆ ಇಷ್ಟು ಕಾದು ಬಂದ ದಿನ ಬೀದಿಜಗಳದಲ್ಲಿ ಮುಗಿಯುತ್ತದೇನೋ ಎಂದು ಭಯ.

ಹರಿತಾ ಬಂದಳು. ಅಪ್ಪ ರಾಮಾಂಜಿನಪ್ಪನ ಹಿಂದೆ ತಲೆ ತಗ್ಗಿಸಿ ವೇದಿಕೆ ಹತ್ತಿದಳು. ಹಿಂದಿನ ಸಾಲಿನಿಂದ ಯಾರೋ ಕೂಗಿದರು: "ಏನಮ್ಮಾ, ಮನೆಯೂಟ ಆಯ್ತಾ?" ಶಾಮಿಯಾನವೆಲ್ಲ ನಕ್ಕಿತು.

ವರಲಕ್ಷ್ಮಮ್ಮ ದಡಕ್ಕನೆ ಎದ್ದರು. ಮೋಹನ್‌ಬಾಬು ಅಡ್ಡ ಬಂದ.

"ಬೇಡ ಅಕ್ಕಾ. ಅವಳಿಗೆ ಆಗ್ಲೇ ಶಿಕ್ಷೆ ಆಗೋಯ್ತಲ್ಲ."

"ಅದಕ್ಕೇ ಕಣಪ್ಪಾ. ದಾರಿ ಬಿಡು."

ಅವರು ವೇದಿಕೆ ಹತ್ತಿ ಹತ್ತಿರ ಬಂದದ್ದು ನೋಡಿ ಹರಿತಾ ಕಣ್ಣು ಮುಚ್ಚಿದಳು. ಕೆನ್ನೆಗೆ ಏಟು ಬೀಳುತ್ತದೆಂದೇ ಅವಳ ಎಣಿಕೆ. ಏಟು ಬೀಳಲಿಲ್ಲ. ವರಲಕ್ಷ್ಮಮ್ಮ ನಿರೂಪಕನ ಕೈಯಿಂದ ಮೈಕು ಕಿತ್ತುಕೊಂಡರು. ಕೆಳಗೆ ತನುಜ "ಅಮ್ಮಾ!" ಎಂದು ಕಿರುಚಿದಳು.

"ಓಟದ ಹಿಂದಿನ ದಿನ ಈ ಮಗು ಕಾಲು ನೋವು ಅಂತು, ಔಷಧಿ ಅಂದ್ರೆ ಬೇಡ ಅಂತಾಳೇಂತ ನನ್ನ ಮಂಡಿನೋವಿನ ನಾಟಿ ಪುಡೀನ ಅವಳೊಬ್ಬಳ ಸಾರಲ್ಲಿ ಕಲಸಿ, ಅವಳಿಗೆ ಗೊತ್ತಾಗ್ದಂಗೆ ಉಣ್ಣಿಸಿದ್ದು ನಾನೇ, ಆ ಪುಡೀಲಿ ಸ್ಟೀರಾಯ್ಡ್ ಐತೆ ಅಂತ ಡಾಕ್ಟ್ರು ನಂಗೆ ಹೇಳಿದ್ದು ಹೋದ ವಾರ."