ಆರನೇ ಟೇಬಲ್

"ಆ ಹೆಂಗಸಿನ ಟೇಬಲ್ ಖಾಲಿ ಮಾಡ್ಸಿ ಸಾ, ಆರನ್ನೂ ನಾವೇ ತಕ್ಕತೀವಿ," ಎಂದ ಪತ್ರಬರಹಗಾರ ರಂಗನಾಯಕ. ಅವನ ಹಿಂದೆ ಇನ್ನೂ ಐವರು ನಿಂತಿದ್ದರು.

ಸೋಮಶೇಖರನಿಗೆ ಮೈಯೆಲ್ಲ ಉರಿದುಹೋಯಿತು. ನಂಜನಗೂಡಿನ ತಾಲೂಕು ಕಚೇರಿ ಎದುರಿನ ತನ್ನ ಮಳಿಗೆಯಲ್ಲಿ ಆರು ಟೇಬಲ್ ಹಾಕಿ, ಬಾಡಿಗೆಗೆ ಬನ್ನಿ ಎಂದು ಎಂಟು ತಿಂಗಳು ಅಂಗಲಾಚಿದಾಗ ಇವರೆಲ್ಲ ಮರದ ನೆರಳೇ ಸಾಕೆಂದಿದ್ದರು. ಬಂದವಳು ಟೈಪಿಸ್ಟ್ ಪುಟ್ಟಲಕ್ಷ್ಮಿ ಒಬ್ಬಳೇ. ಈಗ ಮಳೆ ಹಿಡಿದಿತ್ತು, ಇವರಿಗೆ ಸೂರು ಬೇಕಾಗಿತ್ತು.

ಪುಟ್ಟಲಕ್ಷ್ಮಿ ಟೈಪ್‌ರೈಟರ್ ಎತ್ತಿಕೊಂಡು ಎದ್ದಳು. ಸೋಮಶೇಖರ ಅದನ್ನು ಕಿತ್ತುಕೊಂಡು ಟೇಬಲ್ ಮೇಲೆ ದಡಕ್ಕನೆ ಇಟ್ಟ. "ಐದು ಖಾಲಿ ಅವೆ. ಬೇಕಾದ್ರೆ ಕೂತ್ಕಳಿ, ಇಲ್ದಿದ್ರೆ ನಿಮ್ಮ ಮರದ ಕೆಳಗೇ ನೆನೀರಿ!"

ಆರೂ ಜನ ಗೊಣಗುತ್ತ ಮಳೆಗಿಳಿದರು.

"ನೀನ್ಯಾಕಮ್ಮ ಎದ್ದೆ?" ಎಂದು ಅವನು ಪುಟ್ಟಲಕ್ಷ್ಮಿಯ ಮೇಲೆ ರೇಗಿದ. "ಕೂತ್ಕೊಂಡು ಟೈಪ್ ಮಾಡು."