ನೋಡದೆ ತೆಗೆಯುವ ಫೋಟೋ

"ನೀ ನೋಡಬ್ಯಾಡವ್ವಾ ನೀಲಾ, ಬರೇ ಗುಂಡಿ ಒತ್ತು" ಎಂದಳು ಸಾವಂತ್ರವ್ವ, ಮಗಳು ಗೌರಾಳನ್ನು ಗಲ್ಲಿಯ ಬಿಸಿಲಿಗೆ ನಿಲ್ಲಿಸಿ. ಸೊಲ್ಲಾಪುರದ ವರನ ಮನೆಗೆ ಫೋಟೋ ಕಳಿಸಬೇಕಿತ್ತು. ಪುಣೆಯ ಆ ಕನ್ನಡಿಗರ ಗಲ್ಲಿಯಲ್ಲಿ ಕ್ಯಾಮೆರಾ ಇದ್ದದ್ದು ನೀಲವ್ವನೊಬ್ಬಳ ಬಳಿ. ತೀರಿಹೋದ ಗಂಡನ ಪೆಟ್ಟಿಗೆ ಕ್ಯಾಮೆರಾ ಹಿಡಿದು ತವರಿಗೆ ಮರಳಿದವಳು ಅವಳು. ವಿಧವೆಯ ಕಣ್ಣು ಮದುವೆಯ ಕೆಲಸದ ಮೇಲೆ ಬೀಳಬಾರದು.

ನೀಲವ್ವ ಕ್ಯಾಮೆರಾವನ್ನು ಹೊಟ್ಟೆಗೆ ಒತ್ತಿ ಹಿಡಿದು, ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ಬಂದಾಗಿನಿಂದ ಹುಟ್ಟೂರಿನಲ್ಲಿ ಅವಳು ಹೆಚ್ಚಾಗಿ ನೋಡಿದ್ದು ಗೋಡೆಗಳನ್ನೇ.

"ಅಕ್ಕಾ, ನೋಡೇ ತೆಗೀರಿ" ಎಂದಳು ಗೌರಾ. "ಇಲ್ಲಾಂದ್ರ ನನ್ನ ತಲೀನ ಬರಂಗಿಲ್ಲ. ಅವರು ಬರೇ ಸೀರಿ ನೋಡಿ ಒಪ್ಪತಾರೇನು?"

ಸಾವಂತ್ರವ್ವ ಮಗಳ ನೆರಿಗೆ ತೀಡಿ ಪಕ್ಕಕ್ಕೆ ಸರಿದಳು. ನೀಲವ್ವ ತಲೆ ಬಗ್ಗಿಸಿ ಕ್ಯಾಮೆರಾದ ಮೇಲ್ಬದಿಯ ಪುಟ್ಟ ಗಾಜಿನಲ್ಲಿ ನೋಡಿದಳು. ಗೌರಾಳ ಹಿಂದೆ, ಬಾಗಿಲು ಬಾಗಿಲಲ್ಲೂ ಹೆಂಗಸರು ಸೆರಗು ಸರಿಮಾಡಿಕೊಂಡು ನೀಲವ್ವನತ್ತಲೇ ಮುಖ ಮಾಡಿ ನಿಂತಿದ್ದರು.