ಪ್ರೆಸ್ಸಿನಡಿಯ ನಿಂಬೆಹಣ್ಣು

ಪೂಜೆ ಮುಗಿದರೂ ನಿಂಬೆಹಣ್ಣು ಅಪ್ಪಚ್ಚಿಯಾಗಲಿಲ್ಲ. ಕುಂಕುಮ ಮೆತ್ತಿಕೊಂಡು, ತಗಡು ಒತ್ತುವ ಪ್ರೆಸ್ಸಿನ ಅಡಿ ಇಟ್ಟಲ್ಲೇ ಕೂತಿತ್ತು. ಬಾಗಲೂರು ರಸ್ತೆಯ ಆ ಕಾರ್ಖಾನೆಯಲ್ಲಿ ಶುಕ್ರವಾರದ ಮೊದಲ ಪೆಟ್ಟು ನಿಂಬೆಹಣ್ಣಿಗೇ ಬೀಳಬೇಕು, ತಗಡಿನ ಸರದಿ ಆಮೇಲೆ.

ಪ್ರೆಸ್ಸನ್ನು ಆಡಿಸುವುದು ಪಕ್ಕದ ಮುದಿ ಕಂಪ್ಯೂಟರ್. ಒಂದೇ ಪರದೆಯಲ್ಲಿ ಎರಡು ಕೆಲಸ ಒಟ್ಟಿಗೆ ಮಾಡುತ್ತೇನೆಂದು ಬಂದ ಮೊದಮೊದಲ ಸಾಫ್ಟ್‌ವೇರ್ ಅದರದು. ಮಾಡುವುದೇನು ಮಣ್ಣು? ಲೆಕ್ಕದ ಹಾಳೆ ಅಚ್ಚುಮಾಡುವ ಪ್ರಿಂಟರ್ ಓಡುವಾಗ, ಪ್ರೆಸ್ಸು ಇಳಿಸಲು ಮೌಸ್ ಒತ್ತಿದರೆ ಆ ಕ್ಲಿಕ್ಕು ಗಾಳಿಗೆ ಹೋಗುತ್ತಿತ್ತು. ಸೂಪರ್‌ವೈಸರ್ ಕೆಂಪರಾಜು ದೂರಿದ ಮೇಲೆ ಕಂಪ್ಯೂಟರ್ ನೋಡಿಕೊಳ್ಳುವ ಮಾಲಿನಿ ವಾರವೆಲ್ಲ ಕೂತು ಅದನ್ನು ಸರಿಮಾಡಿದಳು. ಇನ್ನು ಒಂದು ಕ್ಲಿಕ್ಕೂ ಕಳೆದುಹೋಗಲ್ಲ ಅಂತ ನಿನ್ನೆ ತಾನೇ ಬೀಗಿದ್ದಳು.

ಅದಕ್ಕೇ ಇವತ್ತು ಮೊದಲು ಒತ್ತುವ ಮರ್ಯಾದೆ ಅವಳದು. ಬೆರಳಿಗೆ ಕುಂಕುಮ ಹಚ್ಚಿ ಒತ್ತಿಸಿದರು. ಪ್ರಿಂಟರ್ ಓಡುತ್ತಿತ್ತು, ಪ್ರೆಸ್ಸು ಕದಲಲಿಲ್ಲ. ಕೆಂಪರಾಜು ಒತ್ತಿದ. ಪ್ರೆಸ್ಸಿನ ಮುಂದೆ ದಿನವೂ ಕೂರುವ ಮುನಿಗಂಗಮ್ಮನೂ ಮೌಸನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಒತ್ತಿದಳು. ಊಹೂಂ.

ಹಣ್ಣು ಸರಿಯಿಲ್ಲ, ಬೇರೆ ಇಡೋಣ ಅಂದ ಕೆಂಪರಾಜು. ಮುನಿಗಂಗಮ್ಮ ಒಳಗೆ ಕೈಹಾಕಿದಳು. ಎಣ್ಣೆಗೆ ಹಣ್ಣು ಜಾರಿತು. ಬೆರಳನ್ನು ಸೆರಗಿಗೆ ಒರೆಸಿಕೊಳ್ಳಲು ಕೈ ಈಚೆ ತಂದಳು, ಅಷ್ಟೇ. ಧಡ್ ಅಂತ ಇಳಿಯಿತು ಪ್ರೆಸ್ಸು. ನಿಂಬೆರಸ ಅವಳ ಮುಖಕ್ಕೆಲ್ಲ ಸಿಡಿಯಿತು.

ಕೆಂಪರಾಜು ತನ್ನ ಹೆದರಿಕೆಯನ್ನೆಲ್ಲ ಬೈಗುಳ ಮಾಡಿಕೊಂಡ, ತಮಿಳಿನಲ್ಲಿ ಅರ್ಧ, ಕನ್ನಡದಲ್ಲಿ ಅರ್ಧ. ಮೊಣಕೈ ಮೌಸಿಗೆ ತಗಲಿಸಿದ್ದು ನೀನೇ, ಮೈಮೇಲೆ ಗ್ಯಾನವಿಲ್ಲದವಳು ನನಗೆ ಬೇಡ, ನಾಳೆಯಿಂದ ಬರಬೇಡ ಅಂದ.

"ನಾನು ಮುಟ್ನೇ ಇಲ್ಲ ಕಣಪ್ಪ," ಅಂದಳು ಮುನಿಗಂಗಮ್ಮ. "ನನ್ ಕೈ ಮೇಲೆ ನಾನೇ ಒತ್ಕೊಂತೀನಾ?"

ಮಾಲಿನಿ ಪ್ರಿಂಟರಿನ ಕಡೆ ನೋಡಿದಳು. ಒಂದು ಹಾಳೆ ಮುಗಿಸಿ ಇನ್ನೊಂದನ್ನು ಎಳೆದುಕೊಂಡಿತ್ತು. ಕ್ಲಿಕ್ಕು ಕಳೆದುಹೋಗಬಾರದೆಂದು ತಾನೇ ಅಲ್ಲವೇ ಅವನ್ನು ಸಾಲಾಗಿ ಕಾಯಿಸಿಟ್ಟಿದ್ದು? ಪ್ರಿಂಟರ್ ಬಿಡುವು ಕೊಟ್ಟಾಗ ಒಂದು ಹೊರಬಂದಿತ್ತು. ಒತ್ತಿದವರು ಮೂವರು. ಕೆಂಪರಾಜು ಬೈಯುತ್ತಲೇ ರಸ ಒರೆಸಲು ಪ್ರೆಸ್ಸಿನೊಳಗೆ ಬಟ್ಟೆ ಹಾಕಿದ್ದ.

"ಕೈ ತೆಗೀರಿ!" ಅಂತ ಕಿರುಚಿ ಮಾಲಿನಿ ಅವನ ರಟ್ಟೆ ಹಿಡಿದು ಎಳೆದಳು. ಧಡ್. ಬಟ್ಟೆ ಒಳಗೇ ಉಳಿಯಿತು. ಅವಳು ಓಡಿಹೋಗಿ ಮೇನ್ ಸ್ವಿಚ್ ಇಳಿಸಿದಳು.

ಮುನಿಗಂಗಮ್ಮ ಏನೂ ಮುಟ್ಟಿಲ್ಲ ಅಂದಳು ಮಾಲಿನಿ. ಆಗ ಪೂಜೆಗೆ ಒತ್ತಿದ್ದೇ ಒಂದೊಂದಾಗಿ ಈಗ ಬರುತ್ತಿದೆ, ಮೊದಲು ಒತ್ತಿದವರದು ಮೊದಲು. ಕೆಂಪರಾಜು ತನ್ನ ಬೆರಳುಗಳನ್ನೇ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ.

ಮುನಿಗಂಗಮ್ಮ ಮುಖದ ರಸ ಒರೆಸಿಕೊಂಡು ಕೇಳಿದಳು. "ಹಂಗಾದ್ರೆ ನನ್ ಕೈ ಮೇಲೆ ಬಂದಿದ್ದು ಯಾರ್ದು ಅಮ್ಮಣ್ಣಿ?"

ಮಾಲಿನಿ ಕುಂಕುಮದ ಬೆರಳನ್ನು ಅವಳ ಮುಂದೆ ಹಿಡಿದಳು.